ಎರಡನೇ ಹನಿ

ಒಂದು ಹನಿಯೋ, ಎರಡೋ? ಸ್ಕೂಟರ್ ಹತ್ತಿ ಮನೆಯ ತಿರುವು ದಾಟುವಷ್ಟರಲ್ಲಿ ಹುಟ್ಟಿಕೊಂಡ ಈ ಪ್ರಶ್ನೆ, ಅವನು ಸ್ಟುಡಿಯೋದ ಶಟರ್ ಎತ್ತುವ ಹೊತ್ತಿಗೆ ತಲೆಯೊಳಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟಿತ್ತು. ದೀಪ ಹಾಕಿದ, ನೀಲಿ ಪರದೆ ಕೊಡವಿದ, ಗಿರಾಕಿಗಳು ಕೂರುವ ಸ್ಟೂಲಿನ ಎತ್ತರ ಸರಿಮಾಡಿದ, ಕನ್ನಡಿಯ ಕೆಳಗಿನ ಬಾಚಣಿಗೆಯಲ್ಲಿ ನಿನ್ನೆಯವರು ಬಿಟ್ಟುಹೋದ ಕೂದಲು ತೆಗೆದ. ಯಾವ ಕೆಲಸಕ್ಕೂ ಅದು ಜಾಗ ಬಿಟ್ಟು ಏಳಲಿಲ್ಲ. ಮಗಳ ಕಣ್ಣಿಗೆ ಒಂದೇ ಹನಿ ಅಂತ ಹೆಂಡತಿ ಹೇಳಿದ್ದಳು. ಒಂದೇ ಒಂದು. ಬೆರಳೆತ್ತಿ ತೋರಿಸಿ ಹೇಳಿದ್ದಳು, ಅವನೇ ಏಳು ವರ್ಷದ ಮಗು ಎನ್ನುವ ಹಾಗೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ದಿನವಿಡೀ ಜನಕ್ಕೆ ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸುವವಳ ಅಭ್ಯಾಸ ಅದು. ಈವತ್ತು ಅವಳಿಗೆ ದೊಡ್ಡ ಕಚೇರಿಯಲ್ಲಿ ತರಬೇತಿ. ಬೆಳಗಾಗುವ ಮೊದಲೇ ಹೊರಟಿದ್ದಳು. ಚಪ್ಪಲಿ ಮೆಟ್ಟುತ್ತಾ ಮೆಟ್ಟುತ್ತಾ ಪಾಠ ಒಪ್ಪಿಸಿದ್ದಳು. "ರೀ, ಮೊದಲು ಕೈ ತೊಳ್ಕೊಳ್ಳಿ. ಬಾಟಲಿ ಮೂತಿ ಕಣ್ಣಿಗೆ, ರೆಪ್ಪೆಗೆ ತಾಗಬಾರದು. ಬಲಗಣ್ಣು. ಬಲ ಅಂದ್ರೆ ಅವಳ ಬಲ, ನಿಮ್ಮ ಬಲ ಅಲ್ಲ. ಹನಿ ಬಿದ್ದ ಮೇಲೆ ಮೂಗಿನ ಪಕ್ಕ ಕಣ್ಣಿನ ಮೂಲೇನ ಎರಡು ನಿಮಿಷ ಮೆತ್ತಗೆ ಒತ್ತಿ ಹಿಡೀರಿ, ಇಲ್ದಿದ್ರೆ ಔಷಧಿ ಗಂಟಲಿಗಿಳಿದು ಮೈಗೆಲ್ಲ ಹೋಗುತ್ತೆ. ಆಮೇಲೆ..." ಆಮೇಲೆ ಏನೋ ಹೇಳಿದ್ದಳು. ಅಷ್ಟರಲ್ಲಿ ಅವಳ ಬಸ್ಸು ಬಂದಿತ್ತು. ಅವನು ಬಹಳ ತಿಳಿದವನಂತೆ ತಲೆಯಾಡಿಸಿದ್ದ.

ಬುಗುರಿಯನ್ನು ಒಂದು ಕಡೆ ಮಲಗಿಸುವುದೇ ದೊಡ್ಡ ಸಾಹಸ. ಹುಟ್ಟಿದಾಗಿನಿಂದ ನಿಂತಲ್ಲಿ ನಿಲ್ಲದ ಮಗಳಿಗೆ ಅವನೇ ಇಟ್ಟ ಅಡ್ಡಹೆಸರು ಅದು. ದಿಂಬಿನ ಮೇಲೆ ತಲೆಯಿಟ್ಟು ಸೂರು ನೋಡು ಅಂದರೆ ಅವಳಿಗೆ ಅಪ್ಪನ ಮೂಗಿನ ಹೊಳ್ಳೆ ಕಂಡು ನಗು. ಮೊದಲ ಹನಿ ಬೀಳುವಾಗ ತಲೆ ತಿರುಗಿಸಿದಳು, ಕೆನ್ನೆಯ ಮೇಲೆ ಒಂದು ಗೆರೆ ಹರಿಯಿತು, ಬೆರಳಿನಲ್ಲಿ ಒರೆಸಿದ. ಕಣ್ಣೊಳಗೆ ಬಿತ್ತೋ ಇಲ್ಲವೋ? ಬಿದ್ದಿದ್ದರೂ ಎಷ್ಟು? ಇರಲಿ ಎಂದು ಇನ್ನೊಂದು ಹಾಕಿದ. ಅದೂ ಅರ್ಧ ಕೆನ್ನೆಗೆ. ಮತ್ತೆ ಒರೆಸಿ, ಮೂಲೆ ಒತ್ತಿ ಹಿಡಿದು, ನೂರಿಪ್ಪತ್ತರವರೆಗೆ ಎಣಿಸಿದ. ಬುಗುರಿ ನಡುನಡುವೆ ಬೇಕೆಂದೇ ತಪ್ಪು ಸಂಖ್ಯೆ ಹೇಳಿ ಲೆಕ್ಕ ಕೆಡಿಸಿದಳು. ಹೊರಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯಿತು. ಚೀಲ, ನೀರಿನ ಬಾಟಲಿ, ಒಂದು ಶೂ ಮಂಚದ ಕೆಳಗೆ. ಎಲ್ಲವೂ ಗಡಿಬಿಡಿಯಲ್ಲಿ ಮುಗಿದುಹೋಯಿತು.

ಈ ನಾಲ್ಕು ತಿಂಗಳಲ್ಲಿ ಒಂದು ದಿನವೂ ಅವನು ಆ ಕೆಲಸಕ್ಕೆ ಕೈ ಹಾಕಿರಲಿಲ್ಲ. ಹೆದರಿಕೆ ಅಂತ ಹೆಂಡತಿಗೆ ಹೇಳಿದ್ದ. ಹೆದರಿಕೆಯಲ್ಲ, ನಾಚಿಕೆ. ಹನ್ನೊಂದು ವರ್ಷದಿಂದ ಊರಿನ ಮುಖಗಳನ್ನೆಲ್ಲ ನೆಟ್ಟಗೆ ಮಾಡಿದವನು ಅವನು. ಗಲ್ಲ ಸ್ವಲ್ಪ ಕೆಳಗೆ, ಎಡಗಡೆ ಕಿವಿ ಕಾಣಲಿ, ಕಣ್ಣು ಇಲ್ಲಿ. ಅರ್ಧ ಕೂದಲೆಳೆಯಷ್ಟು ಸೊಟ್ಟಗಿದ್ದ ಹೆಗಲೂ ಅವನಿಗೆ ಕಾಣುತ್ತದೆ. ಅಂಥವನ ಮಗಳ ಎಡಗಣ್ಣು ಏನೂ ಕೆಲಸ ಮಾಡುತ್ತಿಲ್ಲವೆಂದು ಕಂಡುಹಿಡಿದದ್ದು ಶಾಲೆಗೆ ಬಂದ ಕಣ್ಣಿನ ತಪಾಸಣೆಯವರು. ಬಲಗಣ್ಣು ಮುಚ್ಚಿ ಅಕ್ಷರ ಓದು ಅಂದರೆ ಬುಗುರಿ, "ಚಾರ್ಟ್ ಎಲ್ಲಿದೆ?" ಎಂದಿದ್ದಳಂತೆ. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗಲ್ಲ, ಎರಡು ಕಣ್ಣೂ ಮುತ್ತಿನಂತಿವೆ ಎಂದು ಡಾಕ್ಟರು ಸಮಾಧಾನ ಹೇಳಿದ್ದರು. "ಎಲ್ಲಾ ಕೆಲಸ ಬಲಗಣ್ಣೇ ಮಾಡ್ತಿದೆ, ಎಡಗಣ್ಣು ಆರಾಮಾಗಿ ಕೂತಿದೆ. ಸೋಮಾರಿ ಕಣ್ಣು ಅಂತೀವಿ ಇದನ್ನ. ಬಲಗಣ್ಣಿನ ಪಾಪೆ ಅಗಲ ಮಾಡಿ, ಹತ್ತಿರದ್ದು ಸ್ವಲ್ಪ ಮಬ್ಬಾಗೋ ಹಾಗೆ ಮಾಡೋಣ. ಆಗ ಇನ್ನೊಂದು ಏಳಲೇಬೇಕು." ಡಾಕ್ಟರು ಹೇಳಿದ್ದು ಸರಿ. ಆದರೆ ಮಗಳ ಮುಖವನ್ನು ಅವನು ಹೊರಗಿನಿಂದ ಮಾತ್ರ ನೋಡಿದ್ದನೇ? ಆ ಪ್ರಶ್ನೆಗೆ ಯಾವ ಡಾಕ್ಟರೂ ಚೀಟಿ ಬರೆದುಕೊಡಲಿಲ್ಲ.

ಮೊದಲ ಗಿರಾಕಿ, ನಿವೃತ್ತ ಡ್ರಿಲ್ ಮಾಸ್ತರರು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಸ್ಟೂಲಿನ ಮೇಲೆ ಕಂಬದಂತೆ ಕೂತರು. "ಸ್ವಲ್ಪ ನೆಟ್ಟಗೆ ಕೂರಿ ಸಾರ್" ಎಂದು ಬಾಯಿಪಾಠದಂತೆ ಅಂದುಬಿಟ್ಟ. "ನೆಟ್ಟಗೆ ಕೂರೋದನ್ನ ನನಗೇ ಹೇಳ್ಕೊಡ್ತೀಯೇನಯ್ಯಾ?" ಎಂದರು. ಅವನು ಕ್ಯಾಮರಾಕ್ಕೆ ಎಡಗಣ್ಣಿಟ್ಟು ನೋಡುವವನು. ಮಾಸ್ತರರ ಮೀಸೆ ಹೊಗೆಯಂತೆ ಕಂಡಿತು. ಲೆನ್ಸ್ ಒರೆಸಿದ. ಮತ್ತೆ ಒರೆಸಿದ. ಹಿಂದಿನ ಪುಟ್ಟ ಪರದೆಯಲ್ಲಿ ಅಂಕಿಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಬಟನ್ ಒತ್ತಿದಾಗ ಫ್ಲಾಶ್ ಎದುರುಗೋಡೆಯಿಂದ ತಿರುಗಿ ಬಂದು ಯಾರೋ ಕಪಾಳಕ್ಕೆ ಬಾರಿಸಿದಂತೆ ಕಣ್ಣಿಗೆ ಹೊಡೆಯಿತು. ಅವನು ಮುಖ ಕಿವುಚಿದ್ದು ನೋಡಿ ಮಾಸ್ತರರು ಎದ್ದು ಹತ್ತಿರ ಬಂದರು. ಸಾಲಿನಲ್ಲಿ ಉಗುರು ಪರೀಕ್ಷಿಸುತ್ತಿದ್ದ ಅದೇ ಗತ್ತಿನಲ್ಲಿ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ಏನಯ್ಯಾ ಇದು? ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು!"

ಅವರನ್ನು ಹೇಗೋ ಸಾಗಹಾಕಿ ತನ್ನದೇ ಒಂದು ಫೋಟೋ ತೆಗೆದುಕೊಂಡ. ಎಷ್ಟು ವರ್ಷವಾಗಿತ್ತು ಆ ಸ್ಟೂಲಿನ ಮೇಲೆ ಕೂತು! ಕಂಪ್ಯೂಟರಿನಲ್ಲಿ ಮುಖ ಹಿಗ್ಗಿಸಿದ, ಕಣ್ಣು ಹಿಗ್ಗಿಸಿದ. ಬಲಗಣ್ಣಿನ ಪಾಪೆ ಸಾಸಿವೆಯಷ್ಟು, ಇರಬೇಕಾದಷ್ಟು. ಎಡಗಣ್ಣಿನದು ಕೋಟಿನ ಗುಂಡಿಯ ಹಾಗೆ, ಸುತ್ತಲಿನ ಕಂದು ಬಣ್ಣವನ್ನೆಲ್ಲ ನುಂಗಿ ಕರ್ರಗೆ ಕೂತಿತ್ತು. ಮಗಳ ಬಲಗಣ್ಣು ಹೀಗಿರುವುದು ಔಷಧಿಯಿಂದ; ತಾನು ಯಾವ ಔಷಧಿಯನ್ನೂ ಹಾಕಿಕೊಂಡಿಲ್ಲವಲ್ಲ! ಗಿರಾಕಿಗಳ ಮುಖದಲ್ಲಾಗಿದ್ದರೆ ಎರಡು ಕ್ಲಿಕ್ಕಿನಲ್ಲಿ ಸರಿ ಮಾಡಿಬಿಡುತ್ತಿದ್ದ. ಕೈ ಅಭ್ಯಾಸಬಲದಿಂದ ಮೌಸಿನ ಮೇಲೆ ಹೋಗಿಯೂ ಹೋಯಿತು.

ಪಕ್ಕದ ಅಂಗಡಿಯ ಕ್ಷೌರಿಕನಿಗೆ ಗೊತ್ತಿಲ್ಲದ ಕಾಯಿಲೆ ಲೋಕದಲ್ಲಿ ಇನ್ನೂ ಹುಟ್ಟಿಲ್ಲ. ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಹಾಗೇ ನೊರೆಯಲ್ಲಿ ಬಿಟ್ಟು, ಬಾಗಿಲಲ್ಲಿ ಬಂದು ನಿಂತ ಇವನ ಕಣ್ಣನ್ನು ಕ್ಷೌರಿಕ ಹತ್ತಿರದಿಂದ ನೋಡಿದ. "ಗುರು, ಇದು ಕಣ್ಣಿಂದಲ್ಲ. ತಲೆಯೊಳಗಿಂದು. ನಮ್ಮ ಸೋದರಮಾವನಿಗೂ ಥೇಟ್ ಹಿಂಗೇ ಆಗಿತ್ತು."

"ಆಮೇಲೆ?"

"ಆಮೇಲೆ ಏನು..." ಕ್ಷೌರಿಕ ಕತ್ತಿಯನ್ನು ಟವೆಲಿಗೆ ಒರೆಸುತ್ತಾ ಗಂಭೀರನಾದ. "ಈಗ ಚೆನ್ನಾಗೇ ಇದಾರೆ ಬಿಡು. ಆದ್ರೆ ಅದು ಬೇರೆ ಮಾತು. ಲಕ್ವ ಆಗಿದ್ರೆ ಬಾಯಿ ಸೊಟ್ಟಗಾಗುತ್ತೆ. ಎಲ್ಲಿ, ನಗು ನೋಡೋಣ. ಕೈ ಎತ್ತು."

ಕ್ಷೌರದಂಗಡಿಯ ಉದ್ದ ಕನ್ನಡಿಯ ಮುಂದೆ ಅವನು ಎರಡೂ ಕೈ ಮೇಲೆತ್ತಿ, ಹಲ್ಲು ಕಿರಿದು ನಿಂತ. ಬಾಯಿಯ ಎರಡು ಮೂಲೆಯೂ ಸಮವಾಗಿ ಎದ್ದವು. ನೊರೆ ಮೆತ್ತಿದ ಗಿರಾಕಿ, ಕಾಯುತ್ತಾ ಪೇಪರು ಓದುತ್ತಿದ್ದ ಇಬ್ಬರು, ಎಲ್ಲರೂ ಅವನ ನಗು ತೂಗಿ ನೋಡಿದರು. "ಸರಿಯಾಗೇ ಇದೆಯಲ್ಲ" ಎಂದ ಒಬ್ಬ. "ಇನ್ನೂ ಸ್ವಲ್ಪ ಮನಸ್ಸಿಟ್ಟು ನಕ್ಕರೆ ಗೊತ್ತಾಗುತ್ತೆ" ಎಂದ ಇನ್ನೊಬ್ಬ. ಸಾಯುವ ಭಯದಲ್ಲೂ ಅವನಿಗೆ ಅವಮಾನವಾಗುತ್ತಿತ್ತು. ಅವಮಾನದಲ್ಲೂ ಒಳಗೆಲ್ಲೋ ನಿಜವಾದ ನಗು ಕಚಗುಳಿಯಿಡುತ್ತಿತ್ತು. ನಾಳೆ ಏನಾದರೂ ಆಗಿಹೋದರೆ ಗೋಡೆಗೆ ಹಾಕಲು ತನ್ನದೊಂದು ನೆಟ್ಟಗಿನ ಫೋಟೋ ಇಲ್ಲ, ಈಗ ತೆಗೆದದ್ದು ಬಿಟ್ಟರೆ. ಹೆಂಡತಿ ಅದನ್ನೇ ದೊಡ್ಡದು ಮಾಡಿಸಿದರೆ? ಬಂದವರೆಲ್ಲ ಒಂದು ಕಣ್ಣು ದೊಡ್ಡದು ಅಂತಲೇ ನೆನಪಿಟ್ಟುಕೊಂಡರೆ?

ಒಂದು ಕಣ್ಣು ಮುಚ್ಚಿಕೊಂಡು ಸ್ಕೂಟರ್ ಓಡಿಸುತ್ತಾ ಅವನು ಮಗಳನ್ನು ತೋರಿಸುವ ಕಣ್ಣಿನ ಆಸ್ಪತ್ರೆಗೆ ಹೋದ. ಅಲ್ಲಿ ಎಲ್ಲರಿಗೂ ಹನಿ ಹಾಕಿ ಸಾಲಾಗಿ ಬೆಂಚಿನ ಮೇಲೆ ಕೂರಿಸುವ ನರ್ಸಮ್ಮ, ಬುಗುರಿಯ ಅಪ್ಪನೆಂದು ಗುರುತು ಹಿಡಿದಳು. ಟಾರ್ಚ್ ಬಿಟ್ಟು ನೋಡಿದಳು. ಬಲಗಣ್ಣಿನ ಪಾಪೆ ಕುಗ್ಗಿತು, ಎಡಗಡೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅವಳ ಮುಖದಲ್ಲಿ ಏನೋ ಒಂದು ಮಿಂಚಿ ಮಾಯವಾಯಿತು.

"ಇಲ್ಲಿಗೆ ಹೇಗೆ ಬಂದ್ರಿ?"

"ಸ್ಕೂಟರಲ್ಲಿ, ಸಿಸ್ಟರ್."

"ಈ ಕಣ್ಣಿಟ್ಕೊಂಡಾ? ಕೀ ಕೊಡಿ ಇಲ್ಲಿ."

"ಅಲ್ಲ ಸಿಸ್ಟರ್, ನಿಧಾನಕ್ಕೆ..."

"ಕೊಡ್ರೀ." ಕೀ ಅವಳ ಮೇಜಿನ ಡ್ರಾಯರಿಗೆ ಬಿದ್ದು ಕ್ಲಿಂಕ್ ಎಂದಿತು. ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಅಜ್ಜಿಯರೆಲ್ಲ ಆ ಸದ್ದಿಗೆ ಸೊಗಸಾಗಿ ನಕ್ಕರು. "ಈಗ ಹೇಳಿ. ಮಗಳಿಗೆ ಈವತ್ತು ಡ್ರಾಪ್ಸ್ ಹಾಕಿದ್ದು ಯಾರು?"

"ನಾನೇ."

"ಹಾಕೋಕ್ ಮುಂಚೆ ಕೈ ತೊಳೆದ್ರಾ?"

"ಸೋಪು ಹಾಕಿ."

"ಹಾಕಿದ ಮೇಲೆ?"

ಬಸ್ಸಿನ ಸದ್ದಿನಲ್ಲಿ ಕೊಚ್ಚಿಹೋದ ಹೆಂಡತಿಯ ಮಾತು ಈಗ ಅಕ್ಷರ ಅಕ್ಷರವಾಗಿ ಕೇಳಿಸಿತು. ಕೆನ್ನೆ ಒರೆಸಿದ ಬೆರಳು. ಸಿಗ್ನಲಿನಲ್ಲಿ ಲಾರಿಯ ಧೂಳು ಕಣ್ಣಿಗೆ ಬಿದ್ದಾಗ ಹೆಲ್ಮೆಟ್ಟಿನ ಗಾಜು ಎತ್ತಿ ಎಡಗಣ್ಣನ್ನು ಚೆನ್ನಾಗಿ, ಹಾಯಾಗಿ ಉಜ್ಜಿಕೊಂಡ ಬೆರಳು. ನರ್ಸಮ್ಮ ಉತ್ತರಕ್ಕೆ ಕಾಯದೆ ಅವನನ್ನು ತೋಳು ಹಿಡಿದು ನಲ್ಲಿಯ ಮುಂದೆ ನಿಲ್ಲಿಸಿದಳು.

ಡಾಕ್ಟರು ನಗಲಿಲ್ಲ; ಅದಕ್ಕೇ ಅವನಿಗೆ ಅವರ ಮೇಲೆ ಗೌರವ ಹೆಚ್ಚಾಯಿತು. ತಲೆನೋವಿದೆಯಾ, ಒಂದು ವಸ್ತು ಎರಡಾಗಿ ಕಾಣುತ್ತಾ, ರೆಪ್ಪೆ ಇಳಿಬಿದ್ದಿದೆಯಾ ಅಂತೆಲ್ಲ ಕೇಳಿ, ಕಣ್ಣನ್ನು ಎಂಟು ದಿಕ್ಕಿಗೂ ಓಡಿಸಿ, ಒತ್ತಡ ನೋಡಿ, "ಔಷಧಿಯದ್ದೇ ಕೆಲಸ. ಆದ್ರೆ ಬಂದು ತೋರಿಸಿದ್ದು ಒಳ್ಳೇದಾಯ್ತು. ಕಾರಣ ಗೊತ್ತಿಲ್ಲದೆ ಒಂದು ಪಾಪೆ ಹೀಗೆ ಅಗಲವಾದ್ರೆ ಮನೇಲಿ ಕೂರಬಾರದು. ಇದು ವಾರದಲ್ಲಿ ತಾನಾಗಿ ಇಳಿಯುತ್ತೆ, ಕೆಲವರಿಗೆ ಇನ್ನೆರಡು ದಿನ ಜಾಸ್ತಿ. ಅಲ್ಲೀವರೆಗೆ ಕಪ್ಪು ಕನ್ನಡಕ, ನಡಿಗೆ. ಕಣ್ಣು ಕೆಂಪಾಗಿ ನೋವು ಬಂದ್ರೆ ಮಾತ್ರ ತಕ್ಷಣ ಓಡಿಬನ್ನಿ" ಎಂದರು.

ತಲೆಯೊಳಗೆ ಏನೂ ಆಗಿಲ್ಲ! ಒಂದು ಗಳಿಗೆ ಅವನು ಆ ಕುರ್ಚಿಯಲ್ಲೇ ತೇಲಿದ. ಮರುಗಳಿಗೆಗೆ ನೆಲಕ್ಕೆ ಬಿದ್ದ. ಸಿಗ್ನಲಿನಲ್ಲಿ ಬೆರಳ ತುದಿಗೆ ಉಳಿದಿದ್ದ ಒಂದಿಷ್ಟು ತೇವ ತನಗೇ ಈ ಗತಿ ತಂದಿದ್ದರೆ, ಎರಡು ಹನಿ ಆ ಹಿಡಿಯಷ್ಟು ಮೈಗೆ? ಹೇಳಲೋ ಬೇಡವೋ ಅಂತ ಬಾಗಿಲವರೆಗೂ ಹೋಗಿ ತಿರುಗಿ ಬಂದ. "ಡಾಕ್ಟ್ರೇ, ಮಗೂಗೆ... ಎರಡು ಹನಿ ಬಿದ್ದಿರಬಹುದು."

"ಕೆನ್ನೆಗೆ ಹೋಗಿದ್ದೆಷ್ಟು?"

"ಗೊತ್ತಿಲ್ಲ."

"ಗಾಬರಿ ಬೇಡ. ಒಂದು ಸಲ ಹೀಗಾದ್ರೆ ಸಾಮಾನ್ಯವಾಗಿ ಏನೂ ಆಗಲ್ಲ. ಆದ್ರೆ ಹೋಗಿ ನೋಡಿ. ಮುಖ ಕೆಂಪಗೆ, ಮೈ ಬಿಸಿಯಾಗಿ ಒಣಗಿದ್ರೆ, ಬಾಯಿ ಒಣಗಿ ಎದೆ ಜೋರಾಗಿ ಹೊಡ್ಕೋತಿದ್ರೆ, ಏನೇನೋ ಮಾತಾಡ್ತಿದ್ರೆ, ನೇರ ಇಲ್ಲಿಗೆ ಕರ್ಕೊಂಡು ಬನ್ನಿ. ಮತ್ತೆ ಬಾಟಲಿ ಎಲ್ಲಿದೆ?"

ಅವನು ಎದೆಯ ಜೇಬು ಮುಟ್ಟಿಕೊಂಡ. ಗಡಿಬಿಡಿಯಲ್ಲಿ ಅಲ್ಲಿಗೇ ಸೇರಿಸಿದ್ದ. "ಸದ್ಯ, ಮಕ್ಕಳ ಕೈಗೆ ಸಿಗೋ ಕಡೆ ಬಿಟ್ಟಿಲ್ಲವಲ್ಲ. ಕುಡಿದ್ರೆ ಅದು ಆಟದ ಮಾತಲ್ಲ" ಎಂದರು ಡಾಕ್ಟರು.

ಶಾಲೆಗೆ ನಡೆದರೆ ಇಪ್ಪತ್ತು ನಿಮಿಷ. ನರ್ಸಮ್ಮ ಕೊಟ್ಟ ಕಾಗದದ ಕಪ್ಪು ಕನ್ನಡಕ ಗಾಳಿಗೆ ಹಾರಿ ಚರಂಡಿ ಸೇರಿತು. ಬಿಸಿಲು ಬಿಸಿಲಾಗಿರಲಿಲ್ಲ, ಬಿಳಿ ಗೋಡೆಗಳೆಲ್ಲ ಅವನ ಮೇಲೆ ಸಿಟ್ಟಾಗಿದ್ದವು. ಕಾರಿನ ಗಾಜು, ಪಾತ್ರೆ ಅಂಗಡಿಯ ಕೊಳಗ, ಯಾರದೋ ಕೈಗಡಿಯಾರ, ಎಲ್ಲ ಒಂದೊಂದು ಸೂಜಿ. ಹಣೆಗೆ ಅಂಗೈ ಮರೆ ಮಾಡಿ, ಗೋಡೆಯ ನೆರಳಿಗಂಟಿ ನಡೆದ. ನೆರಳು ಮುಗಿದಲ್ಲಿ ಮುಂದಿನ ನೆರಳಿಗೆ ಓಡಿದ. ಹೀಗೆ ನೆರಳಿಂದ ನೆರಳಿಗೆ ಹಾರುವವರನ್ನು ತಾನು ಎಲ್ಲೋ ನೋಡಿದ್ದೇನೆ. ನಡೆಯುತ್ತಲೇ ನಿಂತುಬಿಟ್ಟ. ಉದ್ಯಾನದಲ್ಲಿ, ಕಳೆದ ಭಾನುವಾರ. ಬುಗುರಿ ಕಲ್ಲುಬೆಂಚಿನ ನೆರಳಿಂದ ಮರದ ನೆರಳಿಗೆ ಜಿಗಿಯುತ್ತಿದ್ದಳು, ಟೋಪಿ ಮನೆಯಲ್ಲೇ ಮರೆತಿತ್ತು. ಅವನು ಅದು ಆಟ ಅಂದುಕೊಂಡಿದ್ದ. ಬಿಸಿಲಿಗೆ ಎಳೆದು ನಿಲ್ಲಿಸಿ, ಕ್ಯಾಮರಾ ಹಿಡಿದು, ಕಣ್ಣು ಬಿಡು ಅಂದ. ಅವಳು ಮುಖ ಗಂಟಿಕ್ಕಿದಳು. ಕಣ್ಣು ಬಿಡೇ, ಕಣ್ಣು ಬಿಡೋಕೂ ಸೋಮಾರಿತನವಾ? ಎಂದಿದ್ದ. ಹೌದು, ಅದೇ ಶಬ್ದ ಬಳಸಿದ್ದ. ಅವಳು ಬಿಟ್ಟಿದ್ದಳು. ಎರಡೂ ಕಣ್ಣು ಅಗಲಿಸಿ, ಅಪ್ಪನಿಗಾಗಿ, ನೀರು ಸುರಿಯುವ ತನಕ. ಫೋಟೋ ಚೆನ್ನಾಗಿ ಬಂದಿತ್ತು. ಕಣ್ಣಲ್ಲಿ ಒಳ್ಳೆ ಹೊಳಪಿದೆ ಅಂತ ತಾನೇ ಮೆಚ್ಚಿಕೊಂಡಿದ್ದ. ಈಗ ರಸ್ತೆಬದಿಯಲ್ಲಿ ನಿಂತು ಅವನ ಎಡಗಣ್ಣೂ ಸುರಿಯಿತು. ಬಿಸಿಲಿಗೆ ಎಂದುಕೊಳ್ಳಬಹುದಿತ್ತು, ಆದರೆ ಬಲಗಣ್ಣೂ ಜೊತೆಗೂಡಿತು.

ಶಾಲೆಯ ಗೇಟಿನವನು ಒಂದು ಕಣ್ಣು ಮುಚ್ಚಿ, ಕೆನ್ನೆ ಒದ್ದೆ ಮಾಡಿಕೊಂಡು ಬಂದವನನ್ನು ಸುಲಭಕ್ಕೆ ಒಳಗೆ ಬಿಡಲಿಲ್ಲ. ಮಗುವಿನ ತರಗತಿ ಹೇಳಿ, ವ್ಯಾನಿನ ಬಣ್ಣ ಹೇಳಿ, ಕೊನೆಗೆ "ಆ ಒಂದು ನಿಮಿಷ ನಿಲ್ಲದ ಹುಡುಗಿ" ಅಂದಮೇಲೆ ಬಿಟ್ಟ. ಆಟದ ಪೀರಿಯಡ್ಡು. ಮೈದಾನದ ಅಂಚಿನ ಗೋಡೆಗೆ ಒರಗಿ ಬುಗುರಿ ಒಬ್ಬಳೇ ಕೂತಿದ್ದಳು. ಮುಖ ಕೆಂಪಗೆ ಕೆಂಡವಾಗಿತ್ತು. ಬಾಯಿ ಬಿಟ್ಟು ಏದುಸಿರು ಬಿಡುತ್ತಿದ್ದಳು.

ಮೈದಾನದ ಉದ್ದಕ್ಕೂ ಹೇಗೆ ಓಡಿದನೋ, ಯಾರ ಚೆಂಡನ್ನು ಒದ್ದನೋ. ಅವಳ ಮುಂದೆ ಮಂಡಿಯೂರಿ ಹಣೆ ಮುಟ್ಟಿದ. ಕೈ ಜಾರಿತು. ಕತ್ತು ಮುಟ್ಟಿದ. ಒದ್ದೆ. ಎರಡೂ ಅಂಗೈ ಬಿಡಿಸಿ ನೋಡಿದ, ಮಣ್ಣು ಮೆತ್ತಿದ, ಅಂಟಂಟಾದ, ಚಿಲ್ಲನೆ ಒದ್ದೆಯಾದ ಅಂಗೈಗಳು.

"ಬೆವರು! ಬುಗುರಿ, ನೀನು ಬೆವರ್ತಿದೀಯ!"

"ಓಡಿದ್ರೆ ಬೆವರಲ್ವಾ?" ಎಂದಳು ಅವಳು, ಅಪ್ಪನಿಗೆ ಏನಾಗಿದೆ ಎನ್ನುವ ಧಾಟಿಯಲ್ಲಿ. "ಆರು ಸುತ್ತು ಓಡಿದೆ. ಮೂರು ಜನ ಹುಡುಗರು ನನಗಿಂತ ಹಿಂದೆ."

ಬೆವರು ಇಷ್ಟು ಚೆನ್ನಾದ ವಸ್ತುವೆಂದು ಅವನಿಗೆ ತಿಳಿದಿರಲಿಲ್ಲ. ಬಾಯಿ ಒಣಗಿದೆಯಾ ಎಂದು ಕೇಳಿದ. ಅವಳು ನಾಲಿಗೆ ಚಾಚಿ ತೋರಿಸಿದಳು, ಪಳಪಳ ಹೊಳೆಯುತ್ತಿತ್ತು. ಎದೆಯ ಮೇಲೆ ಕೈಯಿಟ್ಟು ಕಾದ. ಹೊಡೆತ ಮೆಲ್ಲಮೆಲ್ಲಗೆ ತಣ್ಣಗಾಗಿ, ಮಾತಿಗೆ ದಾರಿ ಬಿಟ್ಟಿತು.

"ಬೆಳಿಗ್ಗೆ ಹನಿ ಹಾಕಿದ್ನಲ್ಲ, ಮೊದಲನೇದು ಕಣ್ಣೊಳಗೆ ಬಿತ್ತಾ?"

"ಇಲ್ಲ. ಕಣ್ಣು ಮುಚ್ಕೊಂಡಿದ್ದೆ."

"ಎರಡನೇದು?"

"ಅದಕ್ಕೂ ಮುಚ್ಕೊಂಡಿದ್ದೆ." ಸ್ವಲ್ಪ ಯೋಚಿಸಿ, ತಪ್ಪು ಒಪ್ಪಿಕೊಳ್ಳುವವಳಂತೆ ದನಿ ತಗ್ಗಿಸಿದಳು. "ನೀನು ಅಷ್ಟು ಚೆನ್ನಾಗಿ ಎಣಿಸ್ತಿದ್ದೆ. ಅದಕ್ಕೇ ಹೇಳಲಿಲ್ಲ."

ಹಾಗಾದರೆ ಒಂದೂ ಅಲ್ಲ, ಎರಡೂ ಅಲ್ಲ. ಮುಚ್ಚಿದ ಕಣ್ಣಿನ ಮೂಲೆಯನ್ನು ಒತ್ತಿ ಹಿಡಿದು ನೂರಿಪ್ಪತ್ತು ಎಣಿಸಿದ್ದ ಮಹಾನುಭಾವ! ಅವನು ಗೋಡೆಗೆ ಒರಗಿ ಅವಳ ಪಕ್ಕದಲ್ಲೇ ಕುಸಿದು ಕೂತ. ಆಗ ಬುಗುರಿ ಅವನ ಮುಖ ನೋಡಿದಳು. ಕಣ್ಣಿನ ಹತ್ತಿರಕ್ಕೆ ಬಂದು, ಇನ್ನೂ ಹತ್ತಿರಕ್ಕೆ ಬಂದು, ಎಡಗಣ್ಣನ್ನು ಕೆಲಸಕ್ಕೆ ಹಚ್ಚಿ ನೋಡಿದಳು.

"ಅಪ್ಪ! ನಿನಗೂ ಹಾಕಿದ್ರಾ?"

"ನಾನೇ ಹಾಕ್ಕೊಂಡೆ. ಗೊತ್ತಿಲ್ದೆ."

"ಬಿಸಿಲು ಚುಚ್ಚುತ್ತಾ?"

"ಚುಚ್ಚುತ್ತೆ. ನೀನ್ಯಾಕೆ ಯಾವತ್ತೂ ಹೇಳಲಿಲ್ಲ?"

"ಹನಿ ಹಾಕಿಸ್ಕೊಂಡೋರಿಗೆಲ್ಲ ಹಂಗೇ ಅಂದ್ಕೊಂಡಿದ್ದೆ" ಎಂದಳು. ನಂತರ ಅನುಭವಸ್ಥೆಯ ದೊಡ್ಡಸ್ತಿಕೆಯಿಂದ ವಿವರಿಸಿದಳು: ಬಿಳಿ ಗೋಡೆ ನೋಡಬಾರದು, ಗಿಡ ನೋಡಬೇಕು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬಾರದು. ಟೋಪಿ ಮರೆತರೆ ಚೀಲವನ್ನೇ ತಲೆ ಮೇಲಿಟ್ಟುಕೊಳ್ಳಬಹುದು, ಟೀಚರ್ ಬೈದರೂ ಪರವಾಗಿಲ್ಲ. ಅವನು ಪ್ರತಿಯೊಂದಕ್ಕೂ ಹೂಂಗುಟ್ಟಿದ. "ಭಾನುವಾರ ಬಿಸಿಲಲ್ಲಿ ನಿಲ್ಲಿಸಿ ಬೈದೆನಲ್ಲ, ಅದು ನಂದೇ ತಪ್ಪು ಕಣೇ" ಎಂದ. ಅವಳು ಯಾವ ಭಾನುವಾರ ಎಂದು ಕೇಳಿದಳು. ಅವಳಿಗೆ ನೆನಪೇ ಇರಲಿಲ್ಲ. ನೆನಪಿದ್ದರೂ ಇಲ್ಲವೆಂದಳೋ, ಆ ಅಗಲವಾದ ಬಲಗಣ್ಣು ಮತ್ತು ಚುರುಕಾದ ಎಡಗಣ್ಣು ನೋಡಿ ಹೇಳುವುದು ಕಷ್ಟವಾಗಿತ್ತು.

ಈಗ ಉಳಿದದ್ದು ಹೆಂಡತಿ. ತರಬೇತಿಯ ಊಟದ ಬಿಡುವು ಇರಬೇಕು, ಎರಡನೇ ರಿಂಗಿಗೇ ಎತ್ತಿದಳು. ಅವನು ಏನನ್ನೂ ಬಿಡದೆ ಹೇಳಿದ: ಹನಿ, ಕೆನ್ನೆ, ತೊಳೆಯದ ಕೈ, ಡ್ರಿಲ್ ಮಾಸ್ತರರು, ಕ್ಷೌರದಂಗಡಿಯಲ್ಲಿ ಹಲ್ಲು ಕಿರಿದದ್ದು, ಡ್ರಾಯರಿಗೆ ಬಿದ್ದ ಕೀ. ಬೈಗುಳದ ಮೊದಲ ಪದಕ್ಕಾಗಿ ಅವನು ಕಿವಿ ಕೊಟ್ಟು ಕೂತ.

"ರೀ" ಎಂದಳು ಕೊನೆಗೆ, ಯಾರಿಗೋ ಕೇಳಿಸಬಾರದೆಂಬ ದನಿಯಲ್ಲಿ. "ಒಂದು ವಿಷಯ ಹೇಳ್ತೀನಿ. ನಗಬಾರದು."

"ಇಲ್ಲ ಹೇಳು."

"ಮೊದಲನೇ ವಾರ ನನಗೂ ಹಿಂಗೇ ಆಗಿತ್ತು. ಎರಡು ಕಣ್ಣಿಗೂ. ಕೌಂಟರಲ್ಲಿ ಒಂದು ವಿಳಾಸ ಓದೋಕಾಗ್ತಿಲ್ಲ, ಜನ ಸಾಲು ನಿಂತಿದಾರೆ. ನಿಮಗೆ ಹೇಳೋಕೆ ನಾಚಿಕೆ, ಅಷ್ಟೆಲ್ಲ ಪಾಠ ಹೇಳಿದ್ದೆನಲ್ಲ. ನಮ್ಮ ಮೇಲಿನವರಿಗೆ ಕನ್ನಡಕ ಮನೇಲಿ ಮರೆತು ಬಂದೆ ಅಂದ್ಬಿಟ್ಟೆ."

"ನಿನಗೆಲ್ಲಿದೆ ಕನ್ನಡಕ?"

"ಅದೇ ಅಲ್ವಾ! ಮಾರನೇ ದಿನದಿಂದ ಎಲ್ಲರೂ, ಕನ್ನಡಕ ಎಲ್ಲಿ, ಕನ್ನಡಕ ಎಲ್ಲಿ ಅಂತ. ಕೊನೆಗೆ ಒಂದು ಬರೀ ಗಾಜಿನ ಕನ್ನಡಕ ತಂದು ಕಚೇರೀಲಿಟ್ಟಿದೀನಿ. ನಾಲ್ಕು ತಿಂಗಳಿಂದ ಬೆಳಿಗ್ಗೆ ಹೋಗಿ ಹಾಕ್ಕೋತೀನಿ, ಸಂಜೆ ತೆಗೆದಿಟ್ಟು ಬರ್ತೀನಿ. ಎಲ್ಲರೂ ಒಪ್ಪುತ್ತೆ ಅಂತಾರೆ."

ಅವನು ನಗಬಾರದೆಂದು ತುಟಿ ಕಚ್ಚಿದ, ಮೊಣಕಾಲು ಕಚ್ಚಿದ, ಕೊನೆಗೆ ಗೋಡೆಗೆ ತಲೆಯಾನಿಸಿ ಹೋ ಎಂದು ನಕ್ಕುಬಿಟ್ಟ. ಮೈದಾನದ ಆ ತುದಿಯಿಂದ ಆಟದ ಟೀಚರ್ ತಿರುಗಿ ನೋಡಿದರು. ಏನೆಂದು ತಿಳಿಯದೆಯೇ ಬುಗುರಿಯೂ ನಕ್ಕಳು, ಫೋನಿನೊಳಗಿಂದ ಹೆಂಡತಿಯೂ. ನಗು ನಿಂತ ಮೇಲೆ ಅವಳು ಕಣ್ಣೊರೆಸಿಕೊಂಡಂತೆ ಕೇಳಿಸಿತು. "ಈವತ್ತಿನ ಹನಿ ತಪ್ಪಿದ್ರೆ ತಪ್ಪಲಿ, ಸೇರಿಸಿ ಹಾಕೋಕೆ ಹೋಗಬೇಡಿ. ನಾಳೆಯಿಂದ ಮತ್ತೆ ನಾನೇ ಹಾಕ್ತೀನಿ, ಬಿಡಿ."

"ಬೇಡ" ಎಂದ ಅವನು. ಅಷ್ಟು ಬೇಗ ಬಂದ ಮಾತಿಗೆ ತಾನೇ ಬೆಚ್ಚಿದ. "ನಾಳೆ ನಾನೇ ಹಾಕ್ತೀನಿ. ದಿನಾ ನಾನೇ ಹಾಕ್ತೀನಿ. ನೀನು ಪಕ್ಕದಲ್ಲಿ ನಿಂತು ಸರಿಯಾಗಿ ಹಾಕಿದ್ನಾ ನೋಡು, ಸಾಕು."

"ಆಗಲಿ" ಎಂದಳು ಹೆಂಡತಿ. "ಕನ್ನಡಕ ಹಾಕ್ಕೊಂಡು ನೋಡ್ತೀನಿ."